ಹಂದಿ ಸಾರು ಬಿಟ್ಟ ಚನ್ನಕೇಶವ ಮೇಸ್ತ್ರಿ

ನಮ್ಮ ಮಾವ ಹಂದಿಜ್ವರಕ್ಕೆ ಹೆದರಿ ಹಂದಿ ಮಾಂಸ ಬಿಟ್ಟರು ಎಂದು ಆಲ್ದೂರಿನ ಆಸುಪಾಸಿನಲ್ಲಿ ಇವತ್ತಿಗೂ ನಗುವವರಿದ್ದಾರೆ. ಬೀಗರೂಟಕ್ಕೆ ಕೂತಾಗ ಯಾರಾದರೊಬ್ಬರು ಆ ಮಾತು ತೆಗೆಯುತ್ತಾರೆ. "ಪಾಪ, ಚನ್ನಕೇಶವ ಮೇಸ್ತ್ರಿ! ಟೀವಿ ನೋಡಿ ನೋಡಿ ಕೊನೆಗಾಲದಲ್ಲಿ ನಾಲಗೆ ಕಟ್ಟಿಬಿಟ್ರು" ಅನ್ನುತ್ತಾರೆ. ಮೊದಮೊದಲು ನಾನೂ ಅವರ ಜೊತೆ ನಕ್ಕವಳೇ. ಈಗ ಮೈ ಉರಿಯುತ್ತದೆ. ಆ ಮನುಷ್ಯ ಯಾವ ಜ್ವರಕ್ಕೂ ಹೆದರಿದವರಲ್ಲ. ಹೆದರಿದವಳು ನಾನು, ಅವರ ಸೊಸೆ ಶಾಂತಕುಮಾರಿ. ಹೆದರಿದ್ದು ತಪ್ಪಲ್ಲ ಬಿಡಿ, ಹೆತ್ತವಳು ಹೆದರದೆ ಇನ್ಯಾರು ಹೆದರುತ್ತಾರೆ? ಆಮೇಲೆ ಮಾಡಿದ್ದು ತಪ್ಪು. ಅದನ್ನು ಹೇಳಿಬಿಡುತ್ತೇನೆ.

ಮಾವನಿಗೆ ಎರಡೆಕರೆ ಸ್ವಂತ ತೋಟವಿತ್ತು. ಅದರ ಜೊತೆಗೆ ನಲವತ್ತು ವರ್ಷ ಪಕ್ಕದ ದೊಡ್ಡ ಎಸ್ಟೇಟಿನಲ್ಲಿ ಮೇಸ್ತ್ರಿಯಾಗಿದ್ದರು. ಬೆಳಿಗ್ಗೆ ಆಳುಗಳನ್ನು ಸಾಲಿಗೆ ಹಚ್ಚಿ ಸಂಜೆಯವರೆಗೆ ಅವರ ಬೆನ್ನ ಹಿಂದೆ ನಿಲ್ಲುವ ಕೆಲಸ. ಮೇಸ್ತ್ರಿಗಳೆಂದರೆ ಗಂಟಲು ಹರಿಯುವ ಹಾಗೆ ಕೂಗುವವರೇ ಜಾಸ್ತಿ. ಇವರು ದನಿ ಏರಿಸಿದ್ದನ್ನು ಕಂಡವರಿಲ್ಲ. ಕಾಫಿ ಗಿಡದ ಬುಡಕ್ಕೆ ಕತ್ತಿಯ ಹಿಡಿಯಿಂದ ಎರಡು ಸಲ ತಟ್ಟಿ, "ಇದರೊಳಗೆ ಬೋರರ್ ಹುಳ ಕೂತಿದೆ, ಕಿತ್ತು ಸುಡಿ" ಎನ್ನುತ್ತಿದ್ದರು. ನೋಡಿದರೆ ಗಿಡ ಹಸಿರಾಗಿಯೇ ಇರುತ್ತಿತ್ತು. ಕಾಂಡ ಸೀಳಿದರೆ ಬೆರಳುದ್ದಕ್ಕೆ ಹುಳ ಕೊರೆದ ದಾರಿ ಕಾಣುತ್ತಿತ್ತು. ದೊಡ್ಡ ದೊಡ್ಡ ತೋಟದವರೂ ಬೋರರ್ ನೋಡಲು ಜೀಪು ಕಳಿಸಿ ಕರೆಸಿಕೊಳ್ಳುತ್ತಿದ್ದರು.

ಅವರಿಗೆ ಇನ್ನೊಂದು ಹೆಸರಿತ್ತು, ಉಪ್ಪು ನೋಡುವುದರಲ್ಲಿ. ನಮ್ಮ ಕಡೆ ಬೀಗರೂಟಕ್ಕೆ ಹಂದಿ ಸಾರಿಲ್ಲದಿದ್ದರೆ ಅದನ್ನು ಊಟ ಎನ್ನುವುದೇ ಇಲ್ಲ. ಹಂಡೆಯಲ್ಲಿ ಸಾರು ಕುದಿಯುವಾಗ, "ಮೇಸ್ತ್ರಿನ ಕರೀರಪ್ಪ" ಎಂದು ಒಬ್ಬ ಓಡಿ ಬರುತ್ತಿದ್ದ. ಮಾವ ಅಂಗೈ ಚಾಚುತ್ತಿದ್ದರು. ಅಂಗೈಗೆ ಬಿದ್ದ ನಾಲ್ಕು ಹನಿ ನೆಕ್ಕಿ, ಕಣ್ಣು ಮುಚ್ಚಿ, "ಇನ್ನೊಂದು ಹಿಡಿ" ಎಂದೋ "ಸಾಕು, ಇಳಿಸಿ" ಎಂದೋ ಹೇಳುತ್ತಿದ್ದರು. ಅವರು ಸಾಕು ಎಂದ ಮೇಲೆ ಮುಖ್ಯಮಂತ್ರಿ ಬಂದು ಕೇಳಿದರೂ ಅಡುಗೆಯವರು ಒಂದು ಹರಳು ಉಪ್ಪು ಹಾಕುತ್ತಿರಲಿಲ್ಲ.

ನಾನು ಈ ಮನೆಗೆ ಬಂದದ್ದು ತೊಂಬತ್ತೊಂಬತ್ತರಲ್ಲಿ. ಪಿಯುಸಿ ಪಾಸಾದವಳು, ಪೇಪರು ಓದುವವಳು, ಬಾಯಿ ದೊಡ್ಡದು. ನಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಅತ್ತೆ ರಂಗಮ್ಮನೂ ಕಡಿಮೆಯವರಲ್ಲ. ನಾವಿಬ್ಬರೂ ಉಪ್ಪಿನಕಾಯಿ ಜಾಡಿಗೂ ಜಗಳವಾಡಿದ್ದೇವೆ. ಆಗೆಲ್ಲ ಮಾವ ಜಗಲಿಯಿಂದಲೇ, "ರಂಗೀ, ಹೊಟ್ಟೆಗೆ ಹಾಕ್ಕೊ. ಶಾಂತ, ನೀನೂ ಹೊಟ್ಟೆಗೆ ಹಾಕ್ಕೊ ಮಗ" ಎನ್ನುತ್ತಿದ್ದರು. "ಹಾಕ್ಕೊಂಡು ಹಾಕ್ಕೊಂಡೇ ಇಷ್ಟು ದಪ್ಪ ಆಗಿದೀನಿ" ಎಂದು ಅತ್ತೆ ಸೆರಗು ಕೊಡವಿಕೊಂಡು ನಗುತ್ತಿದ್ದರು. ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಆ ದಪ್ಪ ಅತ್ತೆ ಎರಡು ವರ್ಷದಲ್ಲಿ ಕಡ್ಡಿಯಾದರು. ಕಿಡ್ನಿ ಕೆಟ್ಟಿತ್ತು. ಉಪ್ಪಿಲ್ಲ, ಮಾಂಸವಿಲ್ಲ, ಬರೀ ಸಪ್ಪೆ ಗಂಜಿ. ಕೊನೆಯ ತಿಂಗಳು ನನ್ನ ಕೈ ಹಿಡಿದು, "ಒಂದೇ ಒಂದು ತುಂಡು ಹಂದಿ ಕೊಡೇ. ನುಂಗಲ್ಲ, ಚೀಪಿ ಉಗಿದುಬಿಡ್ತೀನಿ" ಎಂದು ಕೇಳಿದರು. "ಮೊದಲು ವಾಸಿಯಾಗಿ ಅತ್ತೆ, ಆಮೇಲೆ ಹಂಡೆ ತುಂಬ ಮಾಡ್ತೀನಿ" ಎಂದೆ. ಅವರು ಮಾವನ ಕಡೆ ತಿರುಗಿ, "ಬದುಕಿದ್ದಾಗ ನಿಮ್ಮ ಸೊಸೆ ಕೊಡಲ್ಲ. ನನ್ನ ಹೊಸ ಎಡೆಗಾದ್ರೂ ಹಂದಿ ಸಾರು, ಕಡುಬು ಹಾಕಿ ಮಾರಾಯ್ರೆ. ಉಪ್ಪು ನೀವೇ ಹಾಕಿ, ಇವಳ ಕೈಗೆ ಕೊಡ್ಬೇಡಿ" ಎಂದರು. ಮಾವ ನಗಲಿಲ್ಲ. "ಹಾಕ್ತೀನಿ ರಂಗಿ" ಎಂದರು. ಎರಡು ಸಾವಿರದ ಒಂಬತ್ತರ ಶಿವರಾತ್ರಿ ಕಳೆದ ವಾರಕ್ಕೆ ಅತ್ತೆ ಹೋದರು.

ನಮ್ಮ ಮನೆಯಲ್ಲಿ ಸತ್ತವರಿಗೆ ಮಹಾಲಯ ಅಮಾವಾಸ್ಯೆಗೆ ಎಡೆ ಹಾಕುತ್ತೇವೆ. ಅವರಿಗೆ ಇಷ್ಟವಾದದ್ದನ್ನೆಲ್ಲ ಬಾಳೆಲೆಯಲ್ಲಿ ಬಡಿಸಿ, ದೀಪ ಹಚ್ಚಿ, ಕೋಣೆಯ ಬಾಗಿಲು ಹಾಕಿಕೊಂಡು ಎಲ್ಲರೂ ಜಗಲಿಗೆ ಬಂದು ಕೂರುತ್ತೇವೆ. ಒಳಗೆ ಅವರು ಬಂದು ಉಣ್ಣುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆಯಬೇಕು. ಸತ್ತ ಮೇಲೆ ಬರುವ ಮೊದಲನೆಯ ಎಡೆಗೆ ಹೊಸ ಎಡೆ ಎನ್ನುತ್ತಾರೆ. ಅದರಲ್ಲಿ ಕೇಳಿದ್ದನ್ನು ತಪ್ಪಿಸುವಂತಿಲ್ಲ. ಎಡೆಯ ಅಡುಗೆಗೆ ಇನ್ನೊಂದು ಕಟ್ಟುನಿಟ್ಟಿದೆ, ಹಿರಿಯರು ಉಣ್ಣುವ ಮೊದಲು ಯಾರೂ ರುಚಿ ನೋಡಬಾರದು. ಉಪ್ಪು ಅಂದಾಜಿನ ಮೇಲೆಯೇ ಬೀಳಬೇಕು.

ಮಾವ ಏಪ್ರಿಲಿನಲ್ಲೇ ಹಳ್ಳದಾಚೆಯ ಮಾರಯ್ಯನಿಗೆ ಹೇಳಿಬಂದರು. ಮಾರಯ್ಯ ಎಸ್ಟೇಟಿನಲ್ಲಿ ಅವರ ಕೈಕೆಳಗೆ ಕೆಲಸ ಮಾಡಿದವನು, ಈಗ ಹಂದಿ ಸಾಕುತ್ತಿದ್ದ. ಅವನು ಒಂದು ಮರಿಯನ್ನು ಬೇರೆ ಗೂಡಿನಲ್ಲಿಟ್ಟು ಮನೆಯ ಅನ್ನವನ್ನೇ ಹಾಕಿ ಬೆಳೆಸಿದ. ಊರಲ್ಲಿ ಅದಕ್ಕೆ ರಂಗಮ್ಮನ ಹಂದಿ ಎಂದೇ ಹೆಸರಾಯಿತು.

ಆಗಸ್ಟಿನಲ್ಲಿ ಟೀವಿಗೆ ಹಂದಿಜ್ವರ ಬಂತು. ಪುಣೆಯಲ್ಲಿ ಸತ್ತರು, ಬೆಂಗಳೂರಲ್ಲಿ ಸತ್ತರು, ನಿನ್ನೆಗಿಂತ ಇವತ್ತು ಇಷ್ಟು ಜಾಸ್ತಿ. ಸುದ್ದಿ ಓದುವಾಗಲೆಲ್ಲ ಓದುವವಳ ಹಿಂದೆ ಒಂದು ಹಂದಿಯ ಚಿತ್ರ, ಗುಲಾಬಿ ಬಣ್ಣದ್ದು, ಬೊಜ್ಜಿನದ್ದು. ಮಾವ ಒಂದು ಸಂಜೆ ಅದನ್ನು ಬಗ್ಗಿ ನೋಡಿ, "ಇದು ನಮ್ಮ ಕಡೆ ಹಂದಿ ಅಲ್ಲ ಮಾರಾಯ್ತಿ, ನಮ್ಮದು ಕರಿ. ಇದಕ್ಕೆ ಜ್ವರ ಬಂದ್ರೆ ಮಾರಯ್ಯನ ಹಂದಿ ಎಂತ ಮಾಡ್ತದೆ?" ಎಂದರು. ನನಗೆ ನಗು ಬರಲಿಲ್ಲ.

ಯಾಕೆಂದರೆ ನಮ್ಮ ಮಗಳು ಕೃತಿಕಾಗೆ ಏಳು ವರ್ಷ, ಮಳೆಗಾಲ ಬಂತೆಂದರೆ ಎದೆಯಲ್ಲಿ ಗೊರಗೊರ. ಹಿಂದಿನ ವರ್ಷ ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ನಾಲ್ಕು ದಿನ ಆಕ್ಸಿಜನ್ ಹಾಕಿಸಿಕೊಂಡು ಬಂದಿದ್ದಳು. ನಾನು ಮನೆಯನ್ನು ಕೋಟೆ ಮಾಡಿದೆ. ಎಲ್ಲರ ಕೊರಳಿಗೂ ಕರ್ಪೂರ ಏಲಕ್ಕಿಯ ಗಂಟು. ಮೂರು ಹೊತ್ತೂ ತುಳಸಿ, ಅಮೃತಬಳ್ಳಿಯ ಕಷಾಯ. ಹಸಿರು ಮಾಸ್ಕು ಆಲ್ದೂರಿನ ಮೆಡಿಕಲ್ ಶಾಪಿನಲ್ಲಿ ಖಾಲಿಯಾದ್ದರಿಂದ ಕರ್ಚೀಫು. ನನ್ನ ಗಂಡ ಕುಮಾರ್ ಬಾಡಿಗೆ ಜೀಪು ಓಡಿಸುವವರು, ಊರ ಜನವೆಲ್ಲ ಅವರ ಜೀಪಿನಲ್ಲೇ. ಹಿತ್ತಲಲ್ಲಿ ಸ್ನಾನ ಮಾಡದೆ ಒಳಗೆ ಕಾಲಿಡುವಂತಿರಲಿಲ್ಲ. ಒಂದು ದಿನ ಅಡುಗೆಮನೆಯಲ್ಲಿ ನಿಂತು ಸೀನಿದರು ನೋಡಿ, ಮೂರು ದಿನ ಜಗಲಿಯಲ್ಲೇ ಮಲಗಿಸಿದೆ. "ಅಯ್ಯೋ, ಒಗ್ಗರಣೆ ಘಾಟಿಗೆ ಸೀನಿದ್ದು ಕಣೇ!" ಎಂದು ಬಡಕೊಂಡರೂ ಬಿಡಲಿಲ್ಲ. ಮಾವ ತಾವೂ ಹಾಸಿಗೆ ಸುತ್ತಿಕೊಂಡು ಮಗನ ಪಕ್ಕ ಜಗಲಿಗೇ ಹೋದರು.

ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಹೆಂಗಸರ ಸಂಘದಲ್ಲಿ ಎದ್ದು ನಿಂತು, "ಈ ವರ್ಷ ಯಾರ ಮನೇಲೂ ಹಂದಿ ಬೇಡ" ಎಂದೆ. ಎದುರು ಮನೆಯ ತಂಗಮ್ಮ, "ಹಿರಿಯರಿಗೆ ಎಂತ ಹಾಕೋದು ಹಾಗಾದ್ರೆ?" ಎಂದಳು. "ಕೋಳಿ ಹಾಕು. ಹಿರಿಯರಿಗೆ ಜ್ವರ ಬರಲ್ಲ, ನಮಗೆ ಬರ್ತದೆ" ಎಂದೆ. ಎಲ್ಲರೂ ಹೋ ಎಂದು ನಕ್ಕು ಒಪ್ಪಿದರು. ಊರಿಗೆ ಊರೇ ನನ್ನ ಮಾತು ಕೇಳಿತೆಂದು ಎದೆ ಉಬ್ಬಿತು. ಮಾರಯ್ಯ ನಮ್ಮ ಮನೆ ಮುಂದೆ ಹಂದಿ ಹೊಡೆದುಕೊಂಡು ಹೋದ ದಿನ, "ಮಕ್ಕಳಿರೋ ಮನೆ ಇದು, ಆ ಕಡೆ ದಾರಿಯಲ್ಲಿ ಹೋಗು" ಎಂದು ಕೂಗಿದೆ. ಅವನು ಹಂದಿಗಳನ್ನು ತಿರುಗಿಸಿಕೊಂಡು ಹೋದ.

ಮಾವ ಎರಡು ದಿನ ಬಿಟ್ಟು ಮೆಲ್ಲಗೆ ತೆಗೆದರು. "ಎಲ್ಲ ಸರಿ ಶಾಂತ. ಆದ್ರೆ ರಂಗಿಯ ಹೊಸ ಎಡೆ..."

"ಮಗು ಎದೆ ಹೇಗಿದೆ ಅಂತ ನಿಮಗೆ ಗೊತ್ತಿಲ್ವಾ ಮಾವ?"

"ಗೊತ್ತು. ನಾನು ಹಟ ಮಾಡ್ತಿಲ್ಲ ಮಗ. ಡಾಕ್ಟ್ರನ್ನ ಒಂದು ಮಾತು ಕೇಳು. ಅವ್ರು ಬೇಡ ಅಂದ್ರೆ ಬೇಡ."

ಅಮಾವಾಸ್ಯೆಗೆ ಹತ್ತು ದಿನ ಇರುವಾಗ ಕೃತಿಕಾಳ ಮೈ ಬಿಸಿಯಾಯಿತು. ಕುಮಾರ್ ಬಾಡಿಗೆಗೆ ಹೋಗಿದ್ದರು. ನಾನೊಬ್ಬಳೇ ಬಸ್ಸಿನಲ್ಲಿ ಅವಳನ್ನು ಆಲ್ದೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಎದೆ, ಬೆನ್ನು, ಗಂಟಲು ನೋಡಿ, "ಮಾಮೂಲಿ ಶೀತಜ್ವರ, ಹೆದರ್ಬೇಡಿ" ಎಂದರು. ಹೋದ ಜೀವ ಬಂತು. ಬಾಗಿಲವರೆಗೆ ಬಂದವಳು ತಿರುಗಿ ಹಂದಿ ಮಾಂಸದ ಮಾತು ಕೇಳಿದೆ. ಅವರು ಕನ್ನಡಕ ತೆಗೆದು ನಕ್ಕೇಬಿಟ್ಟರು.

"ಹೆಸರಿಗಷ್ಟೇ ಹಂದಿಜ್ವರ ಕಣಮ್ಮ. ಜ್ವರ ಇದ್ದೋರು ಕೆಮ್ಮಿದ್ರೆ, ಸೀನಿದ್ರೆ ಬರ್ತದೆ. ಬೇಯಿಸಿ ತಿಂದ ಮಾಂಸದಿಂದ ಬರಲ್ಲ. ಧಾರಾಳವಾಗಿ ತಿನ್ನಿ. ಯಾರು ಇದನ್ನೆಲ್ಲ ಹಬ್ಬಿಸಿದ್ದು?"

"ಊರಲ್ಲಿ ಯಾರೋ ಅಂತಿದ್ರು" ಎಂದೆ.

ಬಸ್ಸಿನಲ್ಲಿ ಕೂತವಳಿಗೆ ಮಗಳ ಜ್ವರ ಮರೆತೇಹೋಯಿತು. ತಂಗಮ್ಮ ಹೇಗೆ ನಗುತ್ತಾಳೆ, ಸಂಘದಲ್ಲಿ ಏನೆನ್ನುತ್ತಾರೆ, ಮಾರಯ್ಯನ ಎದುರು ಹೇಗೆ ನಿಲ್ಲುವುದು, ಬರೀ ಇದೇ. ಸ್ಟಾಪಿನಲ್ಲಿ ಇಳಿದರೆ ಮಾವ ಕೊಡೆ ಹಿಡಿದು ಕಾಯುತ್ತಿದ್ದರು. ಮೊಮ್ಮಗಳ ಹಣೆ ಮುಟ್ಟಿ, ಮಾಮೂಲಿ ಜ್ವರವೆಂದು ಕೇಳಿ, ಅವಳನ್ನು ಹೆಗಲಿಗೆ ಹಾಕಿಕೊಂಡರು. ಹತ್ತು ಹೆಜ್ಜೆ ನಡೆದ ಮೇಲೆ, "ಡಾಕ್ಟ್ರನ್ನ ಕೇಳಿದ್ಯಾ?" ಎಂದರು.

"ಕೇಳಿದೆ. ಬೇಡ ಅಂದ್ರು ಮಾವ."

ಅವರು ನಡಿಗೆ ನಿಲ್ಲಿಸಲಿಲ್ಲ. "ಸರಿ ಬಿಡು. ಮಗುಗಿಂತ ಹೆಚ್ಚಾ?" ಎಂದರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆದರೂ ಹೇಳಲು ನನಗೆ ಹತ್ತು ದಿನವಿತ್ತು. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಬಾಯಿ ದೊಡ್ಡದಿದ್ದವಳಿಗೆ ಬೇಕಾದ ಹೊತ್ತಿಗೆ ಬಾಯೇ ಬರಲಿಲ್ಲ. ಒಂದು ಬೆಳಿಗ್ಗೆ ಮಾವ ಮನೆ ಹಿಂದಿನ ಕಾಫಿ ಗಿಡಗಳಿಗೆ ಬೋರರ್ ನೋಡುತ್ತಿದ್ದವರು ನನ್ನನ್ನು ಕರೆದರು. ಒಂದು ಗಿಡ ತಟ್ಟಿ, "ನೋಡು ಶಾಂತ, ಮೇಲೆ ಎಷ್ಟು ಹಸಿರು. ಬೇಗ ಗೊತ್ತಾದ್ರೆ ಪಕ್ಕದ ಗಿಡಗಳಾದ್ರೂ ಉಳೀತವೆ" ಎಂದು ನನ್ನ ಮುಖ ನೋಡಿದರು. ಹಾಲು ಉಕ್ಕುತ್ತದೆ ಎಂದು ನಾನು ಒಳಗೆ ಓಡಿಬಂದೆ.

ಅಮಾವಾಸ್ಯೆಯ ದಿನ ಕೋಳಿ ಸಾರು, ಕಡುಬು, ಹೋಳಿಗೆ ಮಾಡಿದೆ. ಅತ್ತೆಗೆ ಇಷ್ಟವೆಂದು ಎಲೆಯಡಿಕೆಯನ್ನೂ ಇಟ್ಟೆ. ಮಾವ ಮಡಿ ಪಂಚೆ ಉಟ್ಟು ದೀಪ ಹಚ್ಚಿದರು. ಬಾಗಿಲು ಹಾಕುವಾಗ ಎಲೆಯ ಕಡೆ ನೋಡಿ, "ರಂಗೀ, ಈ ವರ್ಷ ಕೋಳಿ ಕಣೇ. ಹೊಟ್ಟೆಗೆ ಹಾಕ್ಕೊ" ಎಂದರು. ಕುಮಾರ್‌ಗೆ ನಗು ಬಂತು, ನನಗೂ ಬಂತು. ಮಾವ ಮಾತ್ರ ಬಾಗಿಲ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ಹಾಗೇ ನಿಂತಿದ್ದರು. ಜಗಲಿಯಲ್ಲಿ ಕೃತಿಕಾ, "ಅಜ್ಜಿ ಈಗ ಉಣ್ತಿದಾರಾ ತಾತ?" ಎಂದಳು. "ಉಣ್ಬಹುದು ಮಗ. ಹಸಿವಾದ್ರೆ ಉಣ್ತಾಳೆ" ಎಂದರು.

ದೀಪಾವಳಿ ಕಳೆಯುವ ಹೊತ್ತಿಗೆ ಊರಿನ ಭಯ ಇಳಿದಿತ್ತು. ಟೀವಿಯವರಿಗೆ ಬೇರೆ ಸುದ್ದಿ ಸಿಕ್ಕಿತ್ತು. ನವೆಂಬರಿನಲ್ಲಿ ತಂಗಮ್ಮನ ಮಗಳ ಬೀಗರೂಟಕ್ಕೆ ಎರಡು ಹಂಡೆ ಹಂದಿ ಬೆಂದಿತು. ಯಾರೂ ನನ್ನ ಮಾತು ನೆನೆಯಲಿಲ್ಲ, ನಾನೂ ನೆನಪಿಸಲಿಲ್ಲ. ಉಪ್ಪು ನೋಡಲು ಮಾವನಿಗೆ ಕರೆ ಬಂತು. "ಈ ಸಲ ಬೇರೆಯವ್ರಿಗೆ ಹೇಳಿ" ಎಂದರು. ಎಲೆಗೆ ಬಂದ ತುಂಡನ್ನೂ ಕೈ ಅಡ್ಡ ಹಿಡಿದು ಬೇಡವೆಂದರು. "ಓಹೋ, ಮೇಸ್ತ್ರಿಗೆ ಹಂದಿಜ್ವರದ ಭಯ!" ಎಂದು ಯಾರೋ ಕೂಗಿದರು. ಸಾಲಿಗೆ ಸಾಲೇ ನಕ್ಕಿತು. ಮಾವನೂ ನಕ್ಕು, "ಹೌದಪ್ಪ, ಜೀವ ಯಾರಿಗೆ ಬೇಡ?" ಎಂದರು. ನಾನು ಎದುರು ಸಾಲಿನಲ್ಲೇ ಕೂತಿದ್ದೆ. ನನ್ನ ಎಲೆಯಲ್ಲಿ ಹಂದಿ ಸಾರಿತ್ತು. ಎರಡು ಸಲ ಹಾಕಿಸಿಕೊಂಡೆ.

ಮುಂದಿನ ಏಪ್ರಿಲಿನಲ್ಲಿ, ಕಾಫಿ ಹೂವಿನ ಮಳೆ ಬಿದ್ದ ಮಾರನೇ ದಿನ, ಮಾವ ತೋಟ ನೋಡಲು ಹೋದವರು ಎದೆ ಹಿಡಿದುಕೊಂಡು ಕೂತರು. ಕುಮಾರ್ ತಮ್ಮ ಜೀಪಿನಲ್ಲೇ ಕರೆದುಕೊಂಡು ಹೊರಟರು. ಆಲ್ದೂರು ಮುಟ್ಟಲಿಲ್ಲ.

ಆ ವರ್ಷದ ಮಹಾಲಯಕ್ಕೆ ಇಬ್ಬರಿಗೂ ಹಂದಿ ಸಾರೇ ಹಾಕಬೇಕೆಂದು ಗಟ್ಟಿ ಮಾಡಿಕೊಂಡೆ. ಮಾಂಸಕ್ಕೆ ಹೇಳಲು ಕುಮಾರ್‌ರನ್ನು ಕಳಿಸಲಿಲ್ಲ. ನಾನೇ ಹಳ್ಳ ದಾಟಿ ಮಾರಯ್ಯನ ಮನೆಗೆ ಹೋದೆ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಅಲ್ಲಿಗೆ ಹೋದವಳಲ್ಲ. ಅವನು ಮಣೆ ಹಾಕಿ ಕೂರಿಸಿದ. ನಾನು ಬಂದ ಕೆಲಸ ಹೇಳಿದೆ.

"ರಂಗಮ್ಮನವರ ಹಂದಿ ಇಲ್ಲೇ ಇದೆಯಮ್ಮ" ಎಂದ.

"ಹೋದ ವರ್ಷದ್ದಾ? ಇನ್ನೂ ಇಟ್ಕೊಂಡಿದೀಯಾ?"

"ಮೇಸ್ತ್ರಿ ಇಡು ಅಂದಿದ್ರು. ಅಮಾವಾಸ್ಯೆಗೆ ವಾರ ಇರುವಾಗ ಮಗು ಟಾನಿಕ್ಕು ತರೋಕೆ ಆಲ್ದೂರಿಗೆ ಹೋಗಿದ್ರಲ್ಲ, ಆಗ ಡಾಕ್ಟ್ರೇ ಹೇಳಿದ್ರಂತೆ. ನಿಮ್ಮ ಸೊಸೆಗೆ ಹೇಳಿ ಕಳಿಸಿದೀನಿ, ಹಂದಿ ತಿಂದ್ರೆ ಏನೂ ಆಗಲ್ಲ, ಅಂತ. ಬರುವಾಗ ಇಲ್ಲೇ ಈ ಮಣೆ ಮೇಲೆ ಕೂತ್ರು. ಹಾಗಾದ್ರೆ ಕಡಿಯೋಣ್ವಾ ಮೇಸ್ತ್ರಿ ಅಂದೆ. ಬೇಡ ಮಾರಯ್ಯ ಅಂದ್ರು. ಹುಡುಗಿ ಊರೆದುರು ಒಂದು ಮಾತು ಆಡಿಬಿಟ್ಟಿದಾಳೆ, ಈಗ ನಮ್ಮನೇಲೇ ಹಂದಿ ಬೆಂದ್ರೆ ಅವಳು ಮುಖ ಎಲ್ಲಿಡ್ತಾಳೆ? ಒಳ್ಳೆಯವಳು, ತಾನಾಗೇ ಬಂದು ಹೇಳ್ತಾಳೆ. ಹೇಳಿದ ದಿನ ಕಡಿಯೋಣ, ಅಲ್ಲಿ ತನಕ ಇರ್ಲಿ ಅಂದ್ರು."

ಮಾರಯ್ಯ ನನ್ನ ಮುಖ ನೋಡದೆ ಹೇಳುತ್ತಾ ಹೋದ.

"ರಂಗಿಗೆ ಹಾಕೋ ತನಕ ನಾನೂ ಬಾಯಿಗಿಡಲ್ಲ ಅಂದಿದ್ರು. ತಿಂಗಳಿಗೊಂದ್ಸಲ ಬಂದು ಹಂದಿ ನೋಡಿ ಹೋಗೋರು. ಹೇಳಿದ್ರಾ ಮೇಸ್ತ್ರಿ ಅಂತ ನಾನು ಕೇಳ್ತಿದ್ದೆ. ಇನ್ನೂ ಇಲ್ಲ, ಹೇಳ್ತಾಳೆ ಅನ್ನೋರು. ಮಾರ್ಚಿನಲ್ಲೂ ಬಂದಿದ್ರು."

ಅಯ್ಯೋ ದೇವರೇ! ಏಳು ತಿಂಗಳು. ದಿನಾ ನನ್ನ ಕೈಯಿಂದ ಕಾಫಿ ಲೋಟ ಇಸಿದುಕೊಳ್ಳುವಾಗ ಆ ಮನುಷ್ಯ ಕಾಯುತ್ತಿದ್ದರು. ಗಿಡ ತಟ್ಟಿ ಮುಖ ನೋಡಿದಾಗ ಕಾಯುತ್ತಿದ್ದರು. ಬೀಗರೂಟದ ಸಾಲಿನಲ್ಲಿ ನಾನು ಎರಡನೆಯ ಸಲ ಸಾರು ಹಾಕಿಸಿಕೊಂಡಾಗಲೂ ಕಾಯುತ್ತಿದ್ದರು. ಬೈದಿದ್ದರೆ ನಾನೂ ಎರಡು ಮಾತಾಡಿ, ಅತ್ತು, ಒಪ್ಪಿಕೊಂಡುಬಿಡುತ್ತಿದ್ದೆ. ಬೈಯಲಿಲ್ಲವಲ್ಲ! ಮಾರಯ್ಯನಿಗೆ ನಾನು ಏನು ಹೇಳಿದೆನೋ ನೆನಪಿಲ್ಲ. "ಅಮಾವಾಸ್ಯೆ ದಿನ ನೀನೂ ನಮ್ಮನೆಗೇ ಊಟಕ್ಕೆ ಬಾ" ಎಂದದ್ದು ನೆನಪಿದೆ.

ಅಮಾವಾಸ್ಯೆಯ ದಿನ ಬೆಳಿಗ್ಗೆಯಿಂದ ಒಬ್ಬಳೇ ಅಡುಗೆ ಮಾಡಿದೆ. ಸೂಜಿಮೆಣಸು ಅರೆದೆ, ವಾಟೆಹುಳಿ ಹಾಕಿದೆ, ಕಡುಬು ಕಟ್ಟಿದೆ. ಎರಡು ಎಲೆ ಜೋಡಿಸಿ ಬಡಿಸಿದೆ. ಕುಮಾರ್ ದೀಪ ಹಚ್ಚಿ ಹೊರಗೆ ಹೋದರು. ಬಾಗಿಲ ಬಳಿ ನಾನು ನಿಂತೆ. ಜಗಲಿಯಲ್ಲಿ ಕುಮಾರ್, ಕೃತಿಕಾ, ಮಾರಯ್ಯ ಇದ್ದರು. ಅವರಿಗೆ ಕೇಳಿಸಲಿ ಎಂದೇ ಗಟ್ಟಿಯಾಗಿ ಹೇಳಿದೆ.

"ಮಾವ, ಡಾಕ್ಟ್ರು ಬೇಡ ಅಂದಿರ್ಲಿಲ್ಲ. ನಾನೇ ಸುಳ್ಳು ಹೇಳಿದ್ದು. ಇಬ್ಬರೂ ಹೊಟ್ಟೆಗೆ ಹಾಕ್ಕೊಳ್ಳಿ."

ಬಾಗಿಲು ಹಾಕಿಕೊಂಡು ಬಂದು ಕೂತೆ. ಕುಮಾರ್ ನನ್ನ ಕಡೆ ನೋಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವರೇ ಎದ್ದು ಕೆಮ್ಮಿ ಬಾಗಿಲು ತೆಗೆದರು.

ಊಟಕ್ಕೆ ಕೂತೆವು. ಮೊದಲ ತುತ್ತು ಬಾಯಿಗಿಟ್ಟ ಮಾರಯ್ಯ ತಲೆ ಎತ್ತಿದ, ಮತ್ತೆ ತಗ್ಗಿಸಿ ಉಣ್ಣತೊಡಗಿದ. ಕುಮಾರ್ ಕಡುಬು ಮುರಿದು ಸಾರಿಗೆ ಅದ್ದಿ ಉಂಡರು. ಕೃತಿಕಾ ಮಾತ್ರ ಮುಖ ಸಿಂಡರಿಸಿ, "ಅಮ್ಮಾ, ಉಪ್ಪೇ ಇಲ್ಲ" ಎಂದಳು.

ಹಾಕಿರಲೇ ಇಲ್ಲ. ಮರೆತಿದ್ದೆ. ಅತ್ತೆಗೆ ಮತ್ತೆ ಸಪ್ಪೆಯನ್ನೇ ಬಡಿಸಿದ್ದೆ, ಮಾವನಿಗೂ.